ದೃಷ್ಟಿ ಮಂದವಾದ ಅಜ್ಜಿಗೆ ಇಲ್ಲದ ಜನ ಕಾಣುತ್ತಾರೆ, ಇದು ಮರುಳೇ?

ಮರುಳಲ್ಲ, ಗಾಳಿ ಸೋಕಿದ್ದೂ ಅಲ್ಲ. ಅಜ್ಜಿಗೆ ಎಂಬತ್ತು ದಾಟಿದೆ, ನೋಟದ ನಡುಭಾಗ ಮಂಕು, ಕಂಡವರು ಮಾತಾಡುವುದಿಲ್ಲ, ಅವರು ನಿಜವಲ್ಲವೆಂದು ಅಜ್ಜಿಗೇ ಗೊತ್ತು ಎಂದು ಬರೆದಿದ್ದೀರಿ. ಇದು ಹೆಚ್ಚಾಗಿ ಚಾರ್ಲ್ಸ್ ಬಾನೆ ಸಿಂಡ್ರೋಮ್. ಬಾನೆ ಎಂಬ ಸ್ವಿಸ್ ವಿಜ್ಞಾನಿ ತನ್ನ ತಾತನಿಗೆ ಹೀಗೇ ಜನ, ಹಕ್ಕಿ, ಕಟ್ಟಡಗಳು ಕಾಣುತ್ತಿದ್ದುದನ್ನು 1760ರಲ್ಲೇ ಬರೆದಿಟ್ಟ.

ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ನಡುಭಾಗ, ಅಂದರೆ ಮ್ಯಾಕ್ಯುಲಾ, ಸವೆದಾಗ ಮೆದುಳಿಗೆ ಹೋಗುವ ಚಿತ್ರ ಕಡಿಮೆಯಾಗುತ್ತದೆ. ಮೆದುಳಿನ ನೋಟದ ಭಾಗ ಸುಮ್ಮನಿರದೆ ತಾನೇ ಚಿತ್ರ ಹುಟ್ಟಿಸುತ್ತದೆ.

ಶ್ರೀನಿವಾಸಪುರದ ನಮ್ಮಜ್ಜಿಗೆ ಸಂಜೆಹೊತ್ತು ಜಗಲಿ ಮೇಲೆ ಜರಿಲಂಗದ ಪುಟ್ಟ ಹುಡುಗಿಯರು ಸಾಲಾಗಿ ಕೂತಂತೆ ಕಾಣುತ್ತಿತ್ತು. ಲಂಗದ ಅಂಚಿನ ಗೆರೆ ಕೂಡ ಸ್ಪಷ್ಟ, ಎದುರಿಗಿದ್ದ ನನ್ನ ಮುಖ ಮಾತ್ರ ಮಸುಕು. ಹುಚ್ಚು ಅಂದುಬಿಡುತ್ತಾರೆಂದು ಹೆದರಿ ಎಂಟು ತಿಂಗಳು ಬಾಯಿಬಿಡಲಿಲ್ಲ. ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ನಿಮ್ಮ ಅಜ್ಜಿ ಹೇಳಿಕೊಂಡರಲ್ಲ, ಅದೇ ದೊಡ್ಡದು.

ಮಬ್ಬು ಬೆಳಕಲ್ಲಿ, ಒಬ್ಬರೇ ಸುಮ್ಮನೆ ಕೂತಾಗ ಇದು ಜಾಸ್ತಿ. ದೀಪ ಹಾಕಿ. ಕಣ್ಣು ಮಿಟುಕಿಸಿ, ತಲೆ ಆಡಿಸದೆ ನೋಟವನ್ನು ಎಡಕ್ಕೂ ಬಲಕ್ಕೂ ಕೆಲವು ಸಲ ಹೊರಳಿಸಿದರೆ ಚಿತ್ರ ಅಳಿಯಬಹುದು. ಹಲವರಿಗೆ ಕಾಲಕ್ರಮೇಣ ಕಡಿಮೆಯಾಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

ನೀವಿರುವ ಚಿಂತಾಮಣಿಯಿಂದ ಬೆಂಗಳೂರು ದೂರವೇನಲ್ಲ, ಮಿಂಟೋದಂಥ ಕಣ್ಣಾಸ್ಪತ್ರೆಯಲ್ಲಿ ರೆಟಿನಾ ತಜ್ಞರಿಗೆ ತೋರಿಸಿ. ಬಾಗಿಲ ಚೌಕಟ್ಟು ಡೊಂಕಾಗಿ ಕಾಣತೊಡಗಿದರೆ ಒಂದು ವಾರವೂ ಕಾಯಬೇಡಿ. ಮ್ಯಾಕ್ಯುಲಾದ ಅಡಿಯಲ್ಲಿ ರಕ್ತನಾಳ ಸೋರುವ ‘ವೆಟ್’ ಬಗೆಯ ಕಾಯಿಲೆಗೆ ಕಣ್ಣೊಳಗೆ ಕೊಡುವ ಇಂಜೆಕ್ಷನ್ ಉಳಿದ ದೃಷ್ಟಿಯನ್ನು ಕಾಪಾಡಬಲ್ಲದು. ದನಿಯೂ ಕೇಳಿಸಿದರೆ, ಮರೆವು, ಗೊಂದಲ ಇದ್ದರೆ, ಕಂಡದ್ದನ್ನು ನಿಜವೆಂದೇ ನಂಬಿದರೆ ನರರೋಗ ತಜ್ಞರೂ ನೋಡಬೇಕು. ಹೋಗುವಾಗ ಅಜ್ಜಿ ನುಂಗುವ ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ.