ಜೋರು ಮಳೆ ಹಿಡಿದ ಸ್ವಲ್ಪ ಹೊತ್ತಿಗೇ ನಮ್ಮ ನೆಲಮಾಳಿಗೆಯಲ್ಲಿ ಕಪ್ಪು ನೀರು ಬಂದು ನಿಲ್ಲುತ್ತದೆ. ಅಲ್ಲಿ ಒಂದು ಬಚ್ಚಲೂ ಇದೆ. ಗೋಡೆಗೆ ಯಾವ ವಾಟರ್‌ಪ್ರೂಫಿಂಗ್ ಮಾಡಿಸುವುದು ಒಳ್ಳೆಯದು?

ಯಾವುದನ್ನೂ ಮಾಡಿಸಬೇಡಿ, ಸದ್ಯಕ್ಕೆ ಯಾರಿಗೂ ಮುಂಗಡ ಕೊಡಬೇಡಿ. ಜೋರು ಮಳೆ ಹಿಡಿದ ಸ್ವಲ್ಪ ಹೊತ್ತಿಗೇ ಕಪ್ಪು ನೀರು ಬರುತ್ತದೆ, ನೆಲಮಾಳಿಗೆಯಲ್ಲಿ ಒಂದು ಬಚ್ಚಲೂ ಇದೆ ಎಂದು ನೀವೇ ಬರೆದಿದ್ದೀರಿ. ಗೋಡೆಯಿಂದ ಒಸರುವ ನೀರಿನ ರೀತಿ ಅದಲ್ಲ. ಒಸರುವ ನೀರು ಸುತ್ತಲಿನ ಮಣ್ಣು ಚೆನ್ನಾಗಿ ನೆನೆದ ಮೇಲೆ, ಗೋಡೆಯೂ ನೆಲವೂ ಕೂಡುವ ಸಂದಿಯಲ್ಲಿ ನಿಧಾನವಾಗಿ ಕಾಣಿಸಿಕೊಂಡು, ಮಳೆ ನಿಂತ ನಂತರವೂ ದಿನಗಟ್ಟಲೆ ಜಿನುಗುತ್ತದೆ. ನಿಮ್ಮ ಮನೆಗೆ ನುಗ್ಗುತ್ತಿರುವುದು ಬಹುಪಾಲು ರಸ್ತೆಯ ಒಳಚರಂಡಿಯ ನೀರು.

ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ಕಡೆಗೆ ಇಳಿಜಾರಾಗಿರುವ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. 2022ರ ಸೆಪ್ಟೆಂಬರ್‌ನಲ್ಲಿ ಆ ಭಾಗದ ಜನರನ್ನು ದೋಣಿ, ಟ್ರ್ಯಾಕ್ಟರ್‌ಗಳಲ್ಲಿ ಸಾಗಿಸಿದ ದೃಶ್ಯಗಳನ್ನು ನೀವೂ ನೋಡಿರಬಹುದು; ನಾನು ಹೇಳುತ್ತಿರುವುದು ಅಂಥ ಪ್ರವಾಹದ ಮಾತಲ್ಲ. ರಸ್ತೆಯಲ್ಲಿ ಪಾದ ಮುಳುಗುವಷ್ಟು ನೀರಿಲ್ಲದಾಗಲೂ ನಮ್ಮ ನೆಲಮಾಳಿಗೆಯ ಬಚ್ಚಲಿನ ಜಾಲರಿಯಿಂದ ನೀರು ಉಕ್ಕುತ್ತಿತ್ತು. ತಾರಸಿಯ ಮಳೆನೀರನ್ನು ಒಳಚರಂಡಿಗೆ ಬಿಡಬಾರದೆಂಬ ನಿಯಮವಿದ್ದರೂ ಬೀದಿಯ ಎಷ್ಟೋ ಮನೆಗಳವರು ಅಲ್ಲಿಗೇ ಬಿಟ್ಟಿರುತ್ತಾರೆ. ಮ್ಯಾನ್‌ಹೋಲ್ ತುಂಬಿ ನೀರು ರಸ್ತೆಯ ಮಟ್ಟಕ್ಕೆ ಏರಿದಾಗ, ಆ ಮ್ಯಾನ್‌ಹೋಲಿಗೆ ಕೂಡಿಕೊಂಡು ರಸ್ತೆಗಿಂತ ತಗ್ಗಿನಲ್ಲಿರುವ ಯಾವ ಜಾಲರಿಯಿಂದಾದರೂ ಅದು ಹೊರಬರಲೇಬೇಕು.

ಇಷ್ಟು ತಿಳಿದ ಮೇಲೂ ನಾನು ಎಡವಿದ್ದು ವಾಲ್ವ್ ಕೂರಿಸುವ ಜಾಗದಲ್ಲಿ. ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವನ್ನು ಗೇಟಿನ ಬಳಿಯ ಕೊನೆಯ ಛೇಂಬರಿನಲ್ಲಿ, ಅಂದರೆ ಇಡೀ ಮನೆಯ ನೀರು ಹೊರಬೀಳುವ ಬಾಯಲ್ಲಿ ಹಾಕಿಸಿದೆ. ಒಂದೇ ವಾಲ್ವ್ ಸಾಕು, ಅಗೆತವೂ ಕಡಿಮೆ ಎಂದು ಪ್ಲಂಬರ್ ಹೇಳಿದರು, ನನಗೂ ಸರಿಯೆನಿಸಿತು. ಮುಂದಿನ ದೊಡ್ಡ ಮಳೆಗೆ ಮತ್ತೆ ನೀರು ತುಂಬಿತು. ವಾಲ್ವ್ ಕೆಟ್ಟಿದೆಯೆಂದು ಅವರ ಮೇಲೆ ರೇಗಿ ಬಿಚ್ಚಿಸಿದರೆ ಒಳಗಿನ ಮುಚ್ಚಳ ನೆಟ್ಟಗಿತ್ತು. ಅದಾದ ಮೇಲೊಮ್ಮೆ ಜಾಲರಿಯ ಪಕ್ಕದಲ್ಲೇ ನಿಂತು ನೋಡಿದಾಗ ಮೇಲೇಳುತ್ತಿದ್ದುದು ಚರಂಡಿಯ ಕೊಳೆಯಲ್ಲ, ಸೋಪಿನ ಪುಡಿಯ ಘಮವಿದ್ದ ಬಿಳಿ ನೊರೆ. ಮೇಲಿನ ಮಹಡಿಯ ಬಾಡಿಗೆಯವರ ವಾಷಿಂಗ್ ಮಷೀನ್ ನಡೆಯುತ್ತಿತ್ತು. ಹೊರಗಿನ ಒತ್ತಡಕ್ಕೆ ವಾಲ್ವ್ ಮುಚ್ಚಿಕೊಂಡಿತ್ತು. ಹಾಗೆ ಮುಚ್ಚಿಕೊಂಡಿರುವಷ್ಟು ಹೊತ್ತು ನಮ್ಮ ಮನೆಯ ನೀರಿಗೂ ಹೊರದಾರಿಯಿರಲಿಲ್ಲ. ಮೂರು ಅಂತಸ್ತಿನ ಸ್ನಾನ, ಪಾತ್ರೆ, ಶೌಚಾಲಯಗಳ ನೀರೆಲ್ಲ ಅತ್ಯಂತ ತಗ್ಗಿನ ಬಾಯಿ ಹುಡುಕಿಕೊಂಡು ನೆಲಮಾಳಿಗೆಗೆ ಬರುತ್ತಿತ್ತು. ವಾಲ್ವ್ ಇರಬೇಕಾದದ್ದು ನೆಲಮಾಳಿಗೆಯ ಕವಲು ಪೈಪಿನಲ್ಲಿ ಮಾತ್ರ. ಮೇಲಿನ ಮಹಡಿಗಳ ಪೈಪು ಆ ವಾಲ್ವಿನ ಆಚೆಗೆ, ಅಂದರೆ ರಸ್ತೆಯ ಕಡೆಗೆ, ಸೇರಬೇಕು. ಇದನ್ನು ತಿಳಿಯುವಷ್ಟರಲ್ಲಿ ಇನ್ವರ್ಟರ್ ಹೋಗಿತ್ತು, ಪ್ಲೈವುಡ್ ಕಪಾಟುಗಳ ಬುಡ ಊದಿ ಪದರ ಪದರವಾಗಿ ಬಿಚ್ಚಿಕೊಂಡಿತ್ತು.

ಕೊನೆಗೆ ಆ ಬಚ್ಚಲನ್ನೇ ತೆಗೆಸಿ, ಪೈಪು ಕತ್ತರಿಸಿ ಬಾಯಿಗೆ ಕಾಂಕ್ರೀಟ್ ತುಂಬಿಸಿದೆ. ನೆಲಮಾಳಿಗೆಗೆ ಬಚ್ಚಲು ಬೇಕೆನ್ನುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಬೇಕೇಬೇಕೆಂದರೆ ಅಲ್ಲಿನ ನೀರು ಗುಂಡಿಯೊಂದಕ್ಕೆ ಬಿದ್ದು, ಪಂಪಿನ ಮೂಲಕ ರಸ್ತೆಯ ಮಟ್ಟಕ್ಕಿಂತ ಎತ್ತರಕ್ಕೆ ಹತ್ತಿ, ಬಳಿಕ ಛೇಂಬರಿಗೆ ಇಳಿಯಲಿ. ಮಳೆ ಜೋರಾದಾಗಲೇ ಕರೆಂಟ್ ಹೋಗುವುದರಿಂದ ಆ ಪಂಪಿಗೆ ಬದಲಿ ವಿದ್ಯುತ್ ವ್ಯವಸ್ಥೆಯೂ ಇರಬೇಕು.

ಮೀಟರ್ ಬೋರ್ಡ್ ನೆಲಮಾಳಿಗೆಯಲ್ಲಿದ್ದರೆ ಮಿಕ್ಕೆಲ್ಲಕ್ಕಿಂತ ಮೊದಲು ಅದನ್ನು ಮೇಲಕ್ಕೆ ಸ್ಥಳಾಂತರಿಸಿ. 2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ನಿಂತ ಮಳೆನೀರನ್ನು ಪಂಪಿನಿಂದ ಹೊರಹಾಕುವ ಸಮಯದಲ್ಲಿ ವಿದ್ಯುತ್ ಹರಿದು ಇಬ್ಬರು ಸತ್ತರು, ಅವರಲ್ಲೊಬ್ಬ ಬಾಲಕ. ಮುಖ್ಯ ಸ್ವಿಚ್ ಆರಿಸದೆ ಆ ನೀರಿಗೆ ಕಾಲಿಡಬೇಡಿ. ಸ್ವಿಚ್ಚೇ ನೀರಿನಲ್ಲಿದ್ದರೆ ಬೆಸ್ಕಾಂನ 1912ಕ್ಕೆ ಕರೆಮಾಡಿ, ಸಂಪರ್ಕ ಕಡಿಯುವವರೆಗೆ ಕಾಯಿರಿ.

ನಿಮ್ಮ ಮನೆಯ ಪೈಪುಗಳು ಎಲ್ಲಿ ಕೂಡುತ್ತವೆಂದು ತಿಳಿಯಲು ನಕ್ಷೆ ನಂಬಬೇಡಿ. ಮಳೆಯಿಲ್ಲದ ದಿನ ಛೇಂಬರುಗಳ ಮುಚ್ಚಳ ತೆರೆದಿಟ್ಟು, ಬಟ್ಟೆಗೆ ಹಾಕುವ ನೀಲಿಯನ್ನು ಬಕೆಟ್ ನೀರಿನಲ್ಲಿ ಕಲಸಿ, ಒಂದೊಂದು ಮಹಡಿಯಿಂದ ಬೇರೆ ಬೇರೆಯಾಗಿ ಸುರಿಸಿ ನೋಡಿ. ನೀಲಿ ಎಲ್ಲಿ ಕಾಣಿಸಿತೆಂದು ಇಲ್ಲಿ ಬರೆದರೆ ವಾಲ್ವ್ ಎಲ್ಲಿ ಕೂರಬೇಕೆಂದು ಹೇಳಬಲ್ಲೆ.