ಅಮೆರಿಕದಲ್ಲಿ ನರ್ಸಿಂಗ್ ಹೋಮ್ ಅಡ್ಮಿನಿಸ್ಟ್ರೇಟರ್ ಆಗುವ ಮುಂಚೆ

ಬೆಂಗಳೂರಿನಲ್ಲಿ ಎಂಎಚ್‌ಎ (ಆಸ್ಪತ್ರೆ ಆಡಳಿತದ ಸ್ನಾತಕೋತ್ತರ ಪದವಿ) ಮಾಡಿ, ಆಸ್ಪತ್ರೆ ಆಡಳಿತದಲ್ಲಿದ್ದು, ಈಗ ಸಂಗಾತಿಯ ಜೊತೆ ಎಚ್-4 ಅವಲಂಬಿತ ವೀಸಾದಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೀರಿ. ಇಲ್ಲಿನ ನರ್ಸಿಂಗ್ ಹೋಮ್ ನಡೆಸುವ ಕೆಲಸಕ್ಕೆ ಇಳಿಯಬಹುದಾ ಅಂತ ಕೇಳಿದ್ದೀರಿ. ಇಳಿಯಬಹುದು, ಆದರೆ ಇಎಡಿ, ಅಂದರೆ ವರ್ಕ್ ಪರ್ಮಿಟ್, ಕೈಗೆ ಬಂದ ಮೇಲೆ. ಸಂಬಳವಿಲ್ಲದ ಟ್ರೈನಿಂಗ್ ತಾನೇ ಅಂತ ವರ್ಕ್ ಪರ್ಮಿಟ್ ಇಲ್ಲದೆ ಶುರು ಮಾಡಬೇಡಿ. ಮುಂದೆ ಗ್ರೀನ್ ಕಾರ್ಡ್ ಹೊತ್ತಿಗೆ ತೊಡಕಾಗಬಹುದು.

ಇಲ್ಲಿನ ನರ್ಸಿಂಗ್ ಹೋಮ್ ನಮ್ಮೂರಿನ ಹಾಗೆ ಹೆರಿಗೆ, ಆಪರೇಷನ್ ಮಾಡುವ ಜಾಗ ಅಲ್ಲ. ಇಲ್ಲಿ ಎರಡು ಥರದವರು ಇರುತ್ತಾರೆ. ಸೊಂಟದ ಮೂಳೆ ಮುರಿದು, ಆಸ್ಪತ್ರೆಯಿಂದ ಥೆರಪಿಗೆ ಬಂದು ಕೆಲವು ವಾರಗಳಲ್ಲಿ ಮನೆಗೆ ವಾಪಸ್ ಹೋಗುವವರು ಒಂದು ಕಡೆ, ಕೊನೆತನಕ ಇಲ್ಲೇ ಉಳಿಯುವವರು ಇನ್ನೊಂದು ಕಡೆ. ಮೊದಲನೆಯವರಿಗೆ ಸಾಮಾನ್ಯವಾಗಿ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಿರುವ ಕೇಂದ್ರ ಸರ್ಕಾರದ ಆರೋಗ್ಯ ವಿಮೆ) ಹಣ ಕೊಡುತ್ತೆ, ಅದೂ 100 ದಿನದವರೆಗೆ. ಮೊದಲ 20 ದಿನ ಪೂರ್ತಿ, ಆಮೇಲೆ ದಿನಕ್ಕಿಷ್ಟು ಅಂತ ರೋಗಿಯ ಪಾಲು ಸೇರಿಕೊಳ್ಳುತ್ತೆ. ಎರಡನೆಯವರಲ್ಲಿ ಹೆಚ್ಚಿನವರದು ಮೆಡಿ-ಕ್ಯಾಲ್, ಅಂದರೆ ಕಡಿಮೆ ಆದಾಯದವರಿಗೆ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಮೆ, ಅದು ಕೊಡುವ ರೇಟು ಕಡಿಮೆ. ಹಾಗಾಗಿ ಬೆಡ್ಡೆಲ್ಲ ತುಂಬಿದ್ದರೂ ನಷ್ಟದಲ್ಲಿ ಓಡುವ ಕಟ್ಟಡಗಳಿವೆ.

ಲೈಸೆನ್ಸ್‌ಗೆ ನಿಮ್ಮಂಥವರ ದಾರಿ ಇದು: ಡಿಗ್ರಿ, ಪ್ರಿಸೆಪ್ಟರ್ (ತರಬೇತಿ ಕೊಡುವ ಹಿರಿಯ ಅಡ್ಮಿನಿಸ್ಟ್ರೇಟರ್) ಕೈಕೆಳಗೆ 1,000 ಗಂಟೆ ಎಐಟಿ, ಅಂದರೆ ಅಡ್ಮಿನಿಸ್ಟ್ರೇಟರ್-ಇನ್-ಟ್ರೈನಿಂಗ್ ತರಬೇತಿ, ಆಮೇಲೆ ನ್ಯಾಬ್ ಅನ್ನುವ ರಾಷ್ಟ್ರಮಟ್ಟದ ಪರೀಕ್ಷೆ, ಜೊತೆಗೆ ರಾಜ್ಯದ ಪರೀಕ್ಷೆ. ಬೇರೆ ರಾಜ್ಯಗಳಲ್ಲಿ ಗಂಟೆಗಳ ಲೆಕ್ಕ ಬೇರೆ. ನಮ್ಮ ಮೂರು ವರ್ಷದ ಬಿಕಾಂ, ಬಿಎಸ್ಸಿಯನ್ನು ಎಲ್ಲ ಸಂಸ್ಥೆಗಳೂ ಇಲ್ಲಿನ ಬ್ಯಾಚುಲರ್ ಡಿಗ್ರಿಗೆ ಸಮ ಅಂತ ಒಪ್ಪಲ್ಲ, ಅದಕ್ಕೆ ಎಂಎಚ್‌ಎ ಅಂಕಪಟ್ಟಿಗಳನ್ನೂ ಸೇರಿಸಿಯೇ ಇವ್ಯಾಲ್ಯುಯೇಷನ್‌ಗೆ ಕಳಿಸಿ. ಪರೀಕ್ಷೆ ಕೂತು ಓದಿದರೆ ಆಗುತ್ತೆ. ಎಡವೋದು ತರಬೇತಿಯ ಕಟ್ಟಡ ಆರಿಸುವಾಗ.

ನರ್ಸಿಂಗ್ ಹೋಮ್‌ಗಳಿಗೆ ಸ್ಟಾರ್ ಕೊಡುವ ಮೆಡಿಕೇರ್‌ನ ಕೇರ್ ಕಂಪೇರ್ ಸೈಟಿನಲ್ಲಿ ಆ ಕಟ್ಟಡದ ಹೆಸರು ಹಾಕಿ ನೋಡಿ. ಒಟ್ಟು ಸ್ಟಾರ್‌ಗೆ ಮರುಳಾಗಬೇಡಿ. ಇನ್ಸ್‌ಪೆಕ್ಷನ್ ಸ್ಟಾರ್ ಬೇರೆ ಇರುತ್ತೆ, ವರ್ಷದಲ್ಲಿ ಎಷ್ಟು ಅಡ್ಮಿನಿಸ್ಟ್ರೇಟರ್‌ಗಳು ಬಿಟ್ಟುಹೋದರು ಅನ್ನೋದೂ ಅಲ್ಲೇ ಇರುತ್ತೆ. ನಂತರ 2567 ಅನ್ನುವ ತಪಾಸಣೆ ವರದಿ ತೆರೆದು ಓದಿ. ಅದರಲ್ಲಿ ಒಂದೊಂದು ಬಗೆಯ ಲೋಪಕ್ಕೂ ಒಂದು ಎಫ್ ನಂಬರು ಇರುತ್ತೆ. ಎಫ್689 ಅಂದರೆ ಬೀಳುವುದು ಮುಂತಾದ ಅಪಘಾತ, ಎಫ್686 ಹಾಸಿಗೆ ಹುಣ್ಣು, ಎಫ್880 ಸೋಂಕು, ಎಫ್812 ಅಡುಗೆಮನೆ. ಒಂದೇ ನಂಬರು ಎರಡು ತಪಾಸಣೆಯಲ್ಲಿ ಮರುಕಳಿಸಿದ್ದರೆ ಹೋದ ಸಲ ಬರೆದುಕೊಟ್ಟ ತಿದ್ದುಪಡಿ ಬರೀ ಕಾಗದದ ಮೇಲೆ ಉಳಿದಿದೆ ಅಂತ ಅರ್ಥ. ತೀವ್ರತೆಗೆ ಎಯಿಂದ ಎಲ್‌ವರೆಗೆ ಅಕ್ಷರಗಳಿವೆ. ಜೆ, ಕೆ, ಎಲ್ ಇದ್ದ ಕಡೆ ಜೀವಕ್ಕೇ ಅಪಾಯ ಅಂತ ಬರೆದಿರುತ್ತಾರೆ.

ತಪಾಸಣೆಯವರು ಹೇಳದೆ ಬರುತ್ತಾರೆ, ಎರಡು ಭೇಟಿಗಳ ನಡುವೆ 15 ತಿಂಗಳು ಮೀರುವಂತಿಲ್ಲ. ಬಂದವರು ಥರ್ಮಾಮೀಟರ್ ಹಿಡಿದು ನೇರ ಅಡುಗೆಮನೆಗೆ ಹೋಗುತ್ತಾರೆ: ತಣ್ಣಗಿಡುವುದು 41 ಡಿಗ್ರಿ ಫ್ಯಾರನ್‌ಹೀಟ್ ಒಳಗೆ, ಬಿಸಿಯಾಗಿಡುವುದು 135ರ ಮೇಲೆ. ರಾತ್ರಿ ಊಟಕ್ಕೂ ಬೆಳಗಿನ ತಿಂಡಿಗೂ ಸಾಮಾನ್ಯವಾಗಿ 14 ಗಂಟೆಗಿಂತ ಹೆಚ್ಚು ಅಂತರ ಇರಬಾರದು. ವರದಿ ಕೈಗೆ ಬಂದ ಮೇಲೆ ತಿದ್ದುಪಡಿ ಯೋಜನೆಗೆ 10 ದಿನ. 'ಸಿಬ್ಬಂದಿಗೆ ಮತ್ತೆ ತರಬೇತಿ ಕೊಟ್ಟೆವು' ಅಂತ ಬರೆದು ಕೈತೊಳೆದುಕೊಂಡರೆ ವಾಪಸ್ ಬರುತ್ತೆ. ತೊಂದರೆಯಾದವರಿಗೆ ಏನು ಮಾಡಿದಿರಿ, ಇನ್ನಾರಿಗೆ ಆಗಬಹುದು, ಪದ್ಧತಿಯಲ್ಲಿ ಏನು ಬದಲಾಯಿತು, ಯಾರು ಎಷ್ಟು ದಿನ ನಿಗಾ ಇಡುತ್ತಾರೆ, ಯಾವ ತಾರೀಕಿಗೆ ಮುಗಿಯುತ್ತೆ, ಇಷ್ಟೂ ಬೇಕು.

ಕೈ ಮಾಡಿದರು ಅನ್ನೋ ದೂರು ಬಂದರೆ ಎರಡು ಗಂಟೆಯೊಳಗೆ ರಾಜ್ಯಕ್ಕೆ ತಿಳಿಸಬೇಕು, ಐದು ಕೆಲಸದ ದಿನಗಳಲ್ಲಿ ವಿಚಾರಣೆ ಮುಗಿಸಿ ಫಲಿತಾಂಶ ಕಳಿಸಬೇಕು. ಇದು ಹಾಳಾಗೋದು ರಾತ್ರಿ ಪಾಳಿಯಲ್ಲಿ. ಬೆಳಿಗ್ಗೆ ಮೇಲಿನವರಿಗೆ ಹೇಳಿದರಾಯಿತು ಅಂತ ನರ್ಸ್ ಸುಮ್ಮನಿರುತ್ತಾರೆ, ಅಷ್ಟರಲ್ಲಿ ಗಡುವು ಮುಗಿದಿರುತ್ತೆ. ನಡುರಾತ್ರಿ ಫೋನ್ ಮಾಡಿದ್ದಕ್ಕೆ ಯಾರನ್ನೂ ಗದರಬೇಡಿ.

ದಿನದ ತಲೆನೋವು ಮಾತ್ರ ಜನ. ಇಲ್ಲಿ ಒಬ್ಬ ನಿವಾಸಿಗೆ ದಿನಕ್ಕೆ ಕನಿಷ್ಠ 3.5 ಗಂಟೆ ಆರೈಕೆ, ಅದರಲ್ಲಿ 2.4 ಗಂಟೆ ಸಿಎನ್‌ಎಗಳದು, ಅಂದರೆ ಸ್ನಾನ ಮಾಡಿಸಿ, ಉಣ್ಣಿಸಿ, ಮಗ್ಗುಲು ಬದಲಿಸುವವರದು. 90 ಜನರಿದ್ದರೆ 216 ಗಂಟೆ. ಎಂಟು ಗಂಟೆಯ ಪಾಳಿಯಲ್ಲಿ 27 ಜನ ಸಾಕು ಅನ್ನಿಸುತ್ತೆ, ಊಟದ ಅರ್ಧ ಗಂಟೆ ಕಳೆದರೆ 29 ಬೇಕು. ಭಾನುವಾರ ಮೂವರು ರಜೆ ಹಾಕಿದರೆ ಏಜೆನ್ಸಿಯಿಂದ ದುಬಾರಿ ದರಕ್ಕೆ ಕರೆಸಬೇಕು.

ಇಷ್ಟು ಭಾರ ಬೇಡ ಅನ್ನಿಸಿದರೆ ಅಸಿಸ್ಟೆಡ್ ಲಿವಿಂಗ್ ಇದೆ, ಅಂದರೆ ದಿನನಿತ್ಯದ ಕೆಲಸಕ್ಕೆ ನೆರವು ಕೊಡುವ ಹಿರಿಯರ ವಸತಿ. ಅದರ ಸರ್ಟಿಫಿಕೇಟಿಗೆ 80 ಗಂಟೆಯ ಕೋರ್ಸ್ ಮತ್ತು ರಾಜ್ಯದ ಪರೀಕ್ಷೆ. ಆರು ಬೆಡ್ಡಿನ ಮನೆಗಳು ಸಾಮಾನ್ಯ ಬೀದಿಗಳಲ್ಲೇ ಇವೆ. ವ್ಯವಹಾರ ಕಲಿಯೋಕೆ ಒಳ್ಳೆಯದು, ಆದರೆ ಅದರಿಂದ ನರ್ಸಿಂಗ್ ಹೋಮ್ ಲೈಸೆನ್ಸ್ ಸಿಗಲ್ಲ.

ತರಬೇತಿಗೆ ಒಪ್ಪುವ ಮುಂಚೆ ಭಾನುವಾರ ಸಂಜೆ ಊಟದ ಹೊತ್ತಿಗೆ ಒಮ್ಮೆ ಹೋಗಿ ನೋಡಿ. ಸಹಾಯಕ್ಕೆ ನಿವಾಸಿಗಳು ಒತ್ತುವ ಕರೆದೀಪಗಳು ಎಷ್ಟು ಹೊತ್ತು ಉರಿಯುತ್ತಿವೆ, ತಿನ್ನಿಸಬೇಕಾದವರ ತಟ್ಟೆ ಆರಿಹೋಗಿದೆಯಾ ಗಮನಿಸಿ. ಆ ದಿನ ಎಷ್ಟು ನರ್ಸ್, ಎಷ್ಟು ಸಿಎನ್‌ಎ ಅನ್ನೋ ಹಾಳೆ ಎಲ್ಲರಿಗೂ ಕಾಣುವಂತೆ ಅಂಟಿಸಿರಲೇಬೇಕು. ಅದರಲ್ಲಿ ಶುಕ್ರವಾರದ ತಾರೀಕೇ ಇದ್ದರೆ ಬೇರೆ ಪ್ರಿಸೆಪ್ಟರ್ ಹುಡುಕಿಕೊಳ್ಳಿ.