ಡೆಂಟಿಸ್ಟ್ ಮೇಲೆ ದೂರು ಕೊಟ್ಟರೆ ವೀಸಾಗೆ ಏನಾದ್ರೂ ಆಗುತ್ತಾ? ರೆಡಿಂಗ್‌ಗೆ ಹೊಸದಾಗಿ ಬಂದವರಿಗೆ ಉತ್ತರ

ನೀವು ಬರೆದದ್ದು ಇಷ್ಟು. ದಾವಣಗೆರೆಯಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಎಂಟು ತಿಂಗಳಾಯಿತು. ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರಕಾರಿ ಆರೋಗ್ಯ ಸೇವೆಯ ಡೆಂಟಿಸ್ಟ್ ಹತ್ತಿರ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದಿರಿ. ನೋವು ಹೋಗಲಿಲ್ಲ. ಬೇರೆ ಕಡೆ ಎಕ್ಸ್-ರೇ ತೆಗೆಸಿದಾಗ ಬೇರಿನೊಳಗೆ ಸೂಜಿಯಂಥದ್ದು ಮುರಿದು ಉಳಿದಿದೆ ಅಂದರು. ಮೊದಲಿನ ಡೆಂಟಿಸ್ಟ್ ಅದರ ಮಾತೇ ಎತ್ತಿರಲಿಲ್ಲ. ‘ಅಕ್ಕಾ, ದೂರು ಕೊಡಬಹುದಾ? ಕೊಟ್ಟರೆ ವೀಸಾಗೆ ಏನಾದ್ರೂ ಆಗುತ್ತಾ? ಮನೆಯವರು ಸುಮ್ನಿರು ಅಂತಾರೆ’ ಅಂತ ಕೇಳಿದ್ದೀರಿ.

ಮೊದಲು ವೀಸಾ ವಿಷಯ ಮುಗಿಸೋಣ. ಡೆಂಟಿಸ್ಟ್ ಮೇಲೆ ಕೊಟ್ಟ ದೂರು ವೀಸಾ ನೋಡಿಕೊಳ್ಳುವ ಹೋಮ್ ಆಫೀಸ್‌ಗೆ ಹೋಗುವುದಿಲ್ಲ. ವೀಸಾ ಮುಂದುವರಿಸುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ದೂರು ಕೊಟ್ಟರು ಅಂತ ನಿಮ್ಮನ್ನು ಬೇರೆ ಥರ ನಡೆಸಿಕೊಳ್ಳುವ ಹಾಗೂ ಇಲ್ಲ. ನೀವೇನು ಬಿಟ್ಟಿ ಚಿಕಿತ್ಸೆ ಪಡೆದವರಲ್ಲ. ವೀಸಾ ಜೊತೆಗೆ ಎನ್‌ಎಚ್‌ಎಸ್‌ಗಾಗಿ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿಯೇ ವಿಮಾನ ಹತ್ತಿದ್ದೀರಿ, ಅದರ ಮೇಲೆ ಹಲ್ಲಿಗೆ ಬೇರೆ ದುಡ್ಡು ಕೊಟ್ಟಿದ್ದೀರಿ. ನಾನು ಇಲ್ಲಿ ಕೆಲವು ವರ್ಷ ಒಂದು ಡೆಂಟಲ್ ಕ್ಲಿನಿಕ್‌ನ ರಿಸೆಪ್ಷನ್‌ನಲ್ಲಿ ಕೂತವಳು. ಇಲ್ಲಿಯವರು ಸಣ್ಣ ಫಿಲ್ಲಿಂಗ್ ಉದುರಿದರೂ ನಾಲ್ಕು ಸಾಲು ಇಮೇಲ್ ಹಾಕುತ್ತಾರೆ. ನಮ್ಮವರು ಮಾತ್ರ ‘ಹೋಗ್ಲಿ ಬಿಡು, ಊರಿಗೆ ಹೋದಾಗ ಮಾಡಿಸಿದರಾಯ್ತು’ ಅಂತ ನೋವು ಕಚ್ಚಿಕೊಂಡು ಕೂರುತ್ತಾರೆ.

ಒಂದು ಎಚ್ಚರಿಕೆ ಮಾತ್ರ. ಮುಖ ಊದಿಕೊಂಡರೆ, ಜ್ವರ ಬಂದರೆ ದೂರು ಗೀರು ಎಲ್ಲ ಆಮೇಲೆ, ಮೊದಲು ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಸೀದಾ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಈಗ ಆ ಸೂಜಿಯ ವಿಷಯ. ಅದನ್ನು ಫೈಲ್ ಅಂತಾರೆ. ಬೇರಿನ ನಾಳ ಕೂದಲೆಳೆಯಷ್ಟು ಸಣ್ಣ, ದವಡೆ ಹಲ್ಲಲ್ಲಿ ಸೊಟ್ಟಗೂ ಇರುತ್ತದೆ. ಒಳ್ಳೆಯ ಡೆಂಟಿಸ್ಟ್ ಕೈಯಲ್ಲೂ ಫೈಲ್ ಮುರಿಯಬಹುದು. ಹಾಗಾಗಿ ಮುರಿದದ್ದೇ ನಿರ್ಲಕ್ಷ್ಯ ಅಂತ ಕೋರ್ಟು ಒಪ್ಪುವುದಿಲ್ಲ. ಆದರೆ ಮುರಿದ ಮೇಲೆ ನಿಮಗೆ ಹೇಳಬೇಕಿತ್ತು. ಏನಾಯಿತು, ಮುಂದೆ ಏನು ಮಾಡಬಹುದು, ಸ್ಪೆಷಲಿಸ್ಟ್ ಹತ್ತಿರ ಕಳಿಸಬೇಕಾ ಅಂತ ವಿವರಿಸಿ, ಅದನ್ನು ನಿಮ್ಮ ದಾಖಲೆಯಲ್ಲಿ ಬರೆಯಬೇಕಿತ್ತು. ಇಲ್ಲಿ ಡೆಂಟಿಸ್ಟ್‌ಗಳಿಗೆ ಲೈಸೆನ್ಸ್ ಕೊಡುವ ಸಂಸ್ಥೆ ಜನರಲ್ ಡೆಂಟಲ್ ಕೌನ್ಸಿಲ್, ಜಿಡಿಸಿ. ಏನಾದರೂ ಎಡವಟ್ಟಾದರೆ ರೋಗಿ ಕೇಳುವ ತನಕ ಕಾಯದೆ ತಾನಾಗಿ ಹೇಳಬೇಕು ಅನ್ನುವುದು ಅವರ ನಿಯಮ. ನಿಮ್ಮ ದೂರಿನ ಗಟ್ಟಿ ಭಾಗ ಇದೇ. ‘ಸೂಜಿ ಮುರಿದರು’ ಅಂತ ಬರೆಯುವುದಕ್ಕಿಂತ ‘ಮುರಿದದ್ದನ್ನು ನನಗೆ ಹೇಳಲಿಲ್ಲ’ ಅಂತ ಬರೆಯಿರಿ.

ಬರೆಯುವ ಮೊದಲು ನಿಮ್ಮ ಫೈಲ್ ತರಿಸಿಕೊಳ್ಳಿ, ಅಂದರೆ ಕಾಗದದ ಫೈಲ್. ಇಲ್ಲಿನ ಡೇಟಾ ಕಾನೂನಿನ ಪ್ರಕಾರ ನಿಮ್ಮ ದಾಖಲೆಯ ಪ್ರತಿ ಕೇಳುವುದು ನಿಮ್ಮ ಹಕ್ಕು. ಅದಕ್ಕೆ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಅಂತ ಹೆಸರು. ದುಡ್ಡು ಕೊಡಬೇಕಿಲ್ಲ, ಕಾರಣ ಹೇಳಬೇಕಿಲ್ಲ, ಒಂದು ತಿಂಗಳಲ್ಲಿ ಕೊಡಬೇಕು. ಇಮೇಲ್‌ನಲ್ಲಿ ಹೆಸರು, ಹುಟ್ಟಿದ ತಾರೀಕು, ವಿಳಾಸ ಬರೆದು ‘ಚಿಕಿತ್ಸೆಯ ಟಿಪ್ಪಣಿ, ಎಲ್ಲ ಎಕ್ಸ್-ರೇ, ವಸಡಿನ ಚಾರ್ಟ್, ಒಪ್ಪಿಗೆ ಪತ್ರ, ಟ್ರೀಟ್‌ಮೆಂಟ್ ಪ್ಲ್ಯಾನ್, ಬಿಲ್’ ಅಂತ ಒಂದೊಂದಾಗಿ ಹೆಸರಿಸಿ ಕೇಳಿ. ಸುಮ್ನೆ ‘ರೆಕಾರ್ಡ್ಸ್’ ಅಂದರೆ ಎರಡು ಪುಟ ಪ್ರಿಂಟ್ ತೆಗೆದು ಕೊಟ್ಟುಬಿಡುತ್ತಾರೆ. ಎಕ್ಸ್-ರೇ ಕಂಪ್ಯೂಟರ್ ಫೈಲ್ ಆಗಿಯೇ ಬೇಕು ಅನ್ನಿ, ಕಾಗದದ ಮೇಲಿನ ಪ್ರಿಂಟ್‌ನಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಕೌಂಟರ್ ಆಚೆ ಕೂತು ನೋಡಿದ್ದು ಹೇಳುತ್ತೇನೆ: ಜೋರು ಮಾಡಿ ಹೋದವರ ಬಗ್ಗೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ, ದಾಖಲೆ ಕೇಳಿ ಇಮೇಲ್ ಬಂತು ಅಂದರೆ ಮ್ಯಾನೇಜರ್ ಎದ್ದು ಕೂರುತ್ತಾರೆ.

ಇನ್ನೊಂದು ಅವಸರ ಬೇಡ. ಇನ್ನೊಬ್ಬ ಡೆಂಟಿಸ್ಟ್ ‘ನಾಳೆಯೇ ತೆಗೆದು ಹೊಸದಾಗಿ ಮಾಡ್ತೀನಿ’ ಅಂದರೆ ತಕ್ಷಣ ಹೂಂ ಅನ್ನಬೇಡಿ. ಎನ್‌ಎಚ್‌ಎಸ್‌ನಲ್ಲಿ ಮಾಡಿದ ಫಿಲ್ಲಿಂಗ್, ರೂಟ್ ಫಿಲ್ಲಿಂಗ್, ಕ್ಯಾಪ್ 12 ತಿಂಗಳೊಳಗೆ ಕೆಟ್ಟರೆ ಅದೇ ಕ್ಲಿನಿಕ್‌ನವರು ಮತ್ತೆ ದುಡ್ಡು ತೆಗೆದುಕೊಳ್ಳದೆ ಸರಿ ಮಾಡಿಕೊಡಬೇಕು. ನಡುವೆ ಬೇರೆಯವರು ಆ ಹಲ್ಲಿಗೆ ಕೈ ಹಾಕಿದರೆ ಈ ಹಕ್ಕು ಹೋಗುತ್ತದೆ. ಇದು ತಾತ್ಕಾಲಿಕ ಕೆಲಸ ಅಂತ ಮೊದಲೇ ಹೇಳಿದ್ದರೂ ನಡೆಯುವುದಿಲ್ಲ. ಎಕ್ಸ್-ರೇ ತೆಗೆಸಿದ್ದರಿಂದ ತೊಂದರೆಯಿಲ್ಲ. ಅದೇ ಡೆಂಟಿಸ್ಟ್ ಕೈಗೆ ಮತ್ತೆ ಬಾಯಿ ಕೊಡಲು ಧೈರ್ಯ ಬರದಿದ್ದರೆ ಅದೂ ಸರಿ, ಬಲವಂತವಿಲ್ಲ. ಆಗ ಈಗಿನ ಸ್ಥಿತಿಯ ಎಕ್ಸ್-ರೇ, ಹೊಸ ಡೆಂಟಿಸ್ಟ್ ಬರೆದ ವಿವರ ಕೈಯಲ್ಲಿ ಇಟ್ಟುಕೊಂಡೇ ಮುಂದುವರಿಯಿರಿ. ಹಲ್ಲು ಕಿತ್ತ ಮೇಲೆ ಸಾಕ್ಷಿಯೂ ಕಿತ್ತುಹೋಗುತ್ತದೆ ಅಲ್ವಾ.

ದುಡ್ಡಿನ ವಿಷಯಕ್ಕೆ ಬಂದರೆ, ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಡೆಂಟಿಸ್ಟ್‌ಗೆ ಮೂರು ದರ. 2025ರ ಏಪ್ರಿಲ್‌ನಲ್ಲಿ ನಿಗದಿಯಾದಂತೆ ತಪಾಸಣೆಗೆ 27.40 ಪೌಂಡ್, ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದಕ್ಕೆ 75.30, ಕ್ಯಾಪ್, ಹಲ್ಲಿನ ಸೆಟ್‌ಗೆ 326.70. ರೂಟ್ ಕೆನಾಲ್ ಎರಡನೆಯದರಲ್ಲಿ ಬರುತ್ತದೆ. ‘ದವಡೆ ಹಲ್ಲಿನ ರೂಟ್ ಕೆನಾಲ್ ಎನ್‌ಎಚ್‌ಎಸ್‌ನಲ್ಲಿ ಇಲ್ಲವೇ ಇಲ್ಲ, ಪ್ರೈವೇಟ್ ಮಾತ್ರ’ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಈ ಮಾತಿನ ಹಿಂದೆ ಒಂದು ಲೆಕ್ಕ ಇದೆ. ಎನ್‌ಎಚ್‌ಎಸ್ ಡೆಂಟಿಸ್ಟ್‌ಗೆ ದುಡ್ಡು ಕೊಡುವುದು ಯೂನಿಟ್ ಲೆಕ್ಕದಲ್ಲಿ. ಅದರ 2006ರ ಕಾಂಟ್ರಾಕ್ಟ್ ಪ್ರಕಾರ ಒಂದು ಫಿಲ್ಲಿಂಗ್‌ಗೂ ಎರಡು ಗಂಟೆ ಹಿಡಿಯುವ ರೂಟ್ ಕೆನಾಲ್‌ಗೂ ಡೆಂಟಿಸ್ಟ್‌ಗೆ ಸಿಗುತ್ತಿದ್ದದ್ದು ಒಂದೇ ಸಮ, 3 ಯೂನಿಟ್. 2022ರ ನವೆಂಬರ್‌ನಲ್ಲಿ ದವಡೆ ಹಲ್ಲಿನ ರೂಟ್ ಕೆನಾಲ್‌ಗೆ 7 ಯೂನಿಟ್ ಮಾಡಿದರು. ಆದರೂ ಹಳೆಯ ಅಭ್ಯಾಸ ಬಿಟ್ಟಿಲ್ಲ. ಗರ್ಭಿಣಿಯರಿಗೆ, ಹೆರಿಗೆಯಾಗಿ 12 ತಿಂಗಳ ತನಕ, 18 ವರ್ಷದೊಳಗಿನ ಮಕ್ಕಳಿಗೆ ಎಲ್ಲ ಉಚಿತ.

ದೂರು ಯಾರಿಗೆ ಕೊಡಬೇಕು ಅನ್ನುವುದು ನಿಮಗೆ ಏನು ಬೇಕು ಅನ್ನುವುದರ ಮೇಲೆ ನಿಂತಿದೆ. ಇದನ್ನು ಮನೆಯವರ ಜೊತೆ ಕೂತು ಮೊದಲೇ ತೀರ್ಮಾನ ಮಾಡಿ. ಹಲ್ಲು ಸರಿಯಾಗಬೇಕು, ಕ್ಷಮೆ ಬೇಕು, ಕೊಟ್ಟ ದುಡ್ಡು ವಾಪಸ್ ಬೇಕು ಅಂದರೆ ಕ್ಲಿನಿಕ್‌ಗೇ ಬರೆಯಿರಿ. ಅವರ ಮುಖ ನೋಡಲು ಇಷ್ಟವಿಲ್ಲದಿದ್ದರೆ ನಿಮ್ಮ ಭಾಗದ ಎನ್‌ಎಚ್‌ಎಸ್ ಸೇವೆ ನೋಡಿಕೊಳ್ಳುವ ಇಂಟಿಗ್ರೇಟೆಡ್ ಕೇರ್ ಬೋರ್ಡ್‌ಗೆ ಬರೆಯಬಹುದು. ಎರಡರಲ್ಲಿ ಒಂದು ಆರಿಸಿಕೊಳ್ಳಬೇಕು. ಘಟನೆ ಆಗಿ ಅಥವಾ ಗೊತ್ತಾಗಿ 12 ತಿಂಗಳೊಳಗೆ ಬರೆಯಬೇಕು, ಮೂರು ಕೆಲಸದ ದಿನದಲ್ಲಿ ‘ತಲುಪಿತು’ ಅಂತ ಉತ್ತರ ಬರಬೇಕು. ಕೊನೆಯ ಉತ್ತರ ಸಮಾಧಾನ ಕೊಡದಿದ್ದರೆ ಅದರ ಮೇಲೆ ವಿಚಾರಿಸಲು ಪಾರ್ಲಿಮೆಂಟರಿ ಅಂಡ್ ಹೆಲ್ತ್ ಸರ್ವಿಸ್ ಓಂಬುಡ್ಸ್‌ಮನ್ ಇದ್ದಾರೆ, ಅವರಿಗೂ ಫೀಸಿಲ್ಲ. ಇಂಗ್ಲಿಷಿನಲ್ಲಿ ಬರೆಯಲು ಅಳುಕಾದರೆ ಎನ್‌ಎಚ್‌ಎಸ್ ದೂರಿಗೆ ಸಹಾಯ ಮಾಡುವ ಉಚಿತ ಅಡ್ವೊಕಸಿ ಸೇವೆ ನಿಮ್ಮ ಊರಿನ ಕೌನ್ಸಿಲ್ ಕಡೆಯಿಂದ ಇರುತ್ತದೆ. ಪ್ರೈವೇಟ್ ಚಿಕಿತ್ಸೆಯಾಗಿದ್ದರೆ ದಾರಿ ಬೇರೆ: ಕ್ಲಿನಿಕ್ ಒಪ್ಪದಿದ್ದಾಗ ಡೆಂಟಲ್ ಕಂಪ್ಲೇಂಟ್ಸ್ ಸರ್ವಿಸ್ ಅಂತ ಒಂದಿದೆ. ಬಿಲ್ ವಾಪಸಾತಿಯಂಥ ಜಗಳ ಅಲ್ಲಿ ವಕೀಲರಿಲ್ಲದೆ ಮುಗಿಯುತ್ತದೆ. ಇದೆಲ್ಲ ಇಂಗ್ಲೆಂಡಿಗೆ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ದರವೂ ಬೇರೆ, ಓಂಬುಡ್ಸ್‌ಮನ್ನೂ ಬೇರೆ.

ಜಿಡಿಸಿಗೆ ಬರೆಯುತ್ತೇನೆ ಅಂತ ಎಲ್ಲರೂ ಮೊದಲು ಹೇಳುವುದುಂಟು. ಜಿಡಿಸಿ ನಿಮಗೆ ಒಂದು ಪೆನ್ನಿಯೂ ಕೊಡಿಸುವುದಿಲ್ಲ. ಅದರ ಕೆಲಸ ಬೇರೆ ರೋಗಿಗಳನ್ನು ಕಾಪಾಡುವುದು: ಎಚ್ಚರಿಕೆ ಕೊಡುವುದು, ಷರತ್ತು ಹಾಕುವುದು, ಅಮಾನತು ಮಾಡುವುದು, ಹೆಸರು ಕಿತ್ತುಹಾಕುವುದು. 2014ರಲ್ಲಿ ನಾಟಿಂಗ್‌ಹ್ಯಾಮ್ ಕಡೆಯ ಒಬ್ಬ ಡೆಂಟಿಸ್ಟ್ ಕೈಗವಸು, ಉಪಕರಣ ಬದಲಾಯಿಸದೆ ಒಬ್ಬರಾದ ಮೇಲೆ ಒಬ್ಬರಿಗೆ ಚಿಕಿತ್ಸೆ ಕೊಡುತ್ತಿದ್ದದ್ದು ಬಯಲಾಯಿತು. ಸುಮಾರು 22,000 ಹಳೆಯ ರೋಗಿಗಳನ್ನು ರಕ್ತ ಪರೀಕ್ಷೆಗೆ ಕರೆದರು. 2016ರಲ್ಲಿ ಅವರ ಹೆಸರು ರಿಜಿಸ್ಟರ್‌ನಿಂದ ಹೋಯಿತು. ಅಂಥದ್ದಕ್ಕೆ ಜಿಡಿಸಿ ಬೇಕು. ನಿಮಗೆ ಅದರ ಇನ್ನೊಂದು ಉಪಯೋಗ ಇದೆ. ಯಾವ ಡೆಂಟಿಸ್ಟ್ ಹತ್ತಿರ ಹೋಗುವ ಮೊದಲೂ ಅದರ ವೆಬ್‌ಸೈಟ್‌ನಲ್ಲಿ ಹೆಸರು ಹುಡುಕಿ ನೋಡಬಹುದು.

ಇನ್ನು ಪರಿಹಾರ, ಅಂದರೆ ಕೋರ್ಟಿನ ದಾರಿ. ಎರಡು ವಿಷಯ ರುಜುವಾಗಬೇಕು. ಒಂದು, ಜವಾಬ್ದಾರಿಯುತ ಡೆಂಟಿಸ್ಟ್ ಯಾರೂ ಹಾಗೆ ಮಾಡುತ್ತಿರಲಿಲ್ಲ ಅನ್ನುವುದು. ಇದು ಇಂಗ್ಲೆಂಡಿನ 1957ರ ಬೋಲಮ್ ಕೇಸಿನಿಂದ ಬಂದ ಅಳತೆ. ಭಾರತದ ಸುಪ್ರೀಂ ಕೋರ್ಟ್ ಕೂಡ 2005ರಲ್ಲಿ ಜೇಕಬ್ ಮ್ಯಾಥ್ಯೂ ಕೇಸಿನಲ್ಲಿ ಇದನ್ನೇ ಎತ್ತಿಹಿಡಿದಿದೆ. ಎರಡು, ಆ ತಪ್ಪಿನಿಂದಲೇ ನಿಮಗೆ ಹಾನಿಯಾಯಿತು ಅನ್ನುವುದು. ಹೆಚ್ಚಿನ ಕೇಸುಗಳು ಎಡವುವುದು ಇಲ್ಲಿಯೇ. ಹೇಗೂ ಉಳಿಯದ ಹಲ್ಲು ಅದು ಅಂತ ಅವರ ಕಡೆಯ ತಜ್ಞರು ಹೇಳುತ್ತಾರೆ. ಒಪ್ಪಿಗೆಯ ವಿಷಯದಲ್ಲಿ ಮಾತ್ರ ಕಾನೂನು ರೋಗಿಯ ಕಡೆ ವಾಲಿದೆ. 2015ರ ಮಾಂಟ್‌ಗೊಮರಿ ತೀರ್ಪಿನ ಮೇಲೆ, ನಿಮ್ಮ ಜಾಗದಲ್ಲಿರುವ ವ್ಯಕ್ತಿಗೆ ಮುಖ್ಯ ಅನ್ನಿಸುವ ಅಪಾಯಗಳನ್ನೆಲ್ಲ ವೈದ್ಯರು ಮೊದಲೇ ಹೇಳಬೇಕು, ಬೇರೆ ದಾರಿ ಏನಿದೆ ಅನ್ನುವುದನ್ನೂ ಹೇಳಬೇಕು. ಉದಾಹರಣೆಗೆ, ಕೆಳಗಿನ ಬುದ್ಧಿಹಲ್ಲು ಕೀಳುವಾಗ ನರಕ್ಕೆ ಪೆಟ್ಟಾಗಿ ತುಟಿ, ನಾಲಿಗೆ ಮರಗಟ್ಟುವುದುಂಟು. ಸಹಿ ಹಾಕಿಸಿಕೊಂಡಿದ್ದೇವೆ ಅಂದರೆ ಸಾಲದು, ವಿವರಿಸಿದ್ದಕ್ಕೆ ದಾಖಲೆ ಬೇಕು.

ಸೂಜಿಗಿಂತ ನನಗೆ ಜಾಸ್ತಿ ಚಿಂತೆ ವಸಡಿನದ್ದು. ಇಲ್ಲಿನ ಡೆಂಟಲ್ ವಕೀಲರ ಹತ್ತಿರ ಬರುವ ದೊಡ್ಡ ಕೇಸುಗಳಲ್ಲಿ ವಸಡಿನ ರೋಗ ಪತ್ತೆ ಮಾಡದೆ ಬಿಟ್ಟದ್ದು ಮುಖ್ಯ. ನೋವೇ ಇಲ್ಲದೆ ವರ್ಷಗಟ್ಟಲೆ ಮೂಳೆ ಸವೆಯುತ್ತದೆ. ಆರು ತಿಂಗಳಿಗೊಮ್ಮೆ ಹೋಗಿ ‘ಎಲ್ಲ ಚೆನ್ನಾಗಿದೆ’ ಅನ್ನಿಸಿಕೊಂಡು ಬಂದವರಿಗೆ ಒಂದು ದಿನ ನಾಲ್ಕು ಹಲ್ಲು ಒಟ್ಟಿಗೆ ಅಲ್ಲಾಡುತ್ತವೆ. ತಪಾಸಣೆಯಲ್ಲಿ ಬಾಯಿಯನ್ನು ಆರು ಭಾಗ ಮಾಡಿ, ತುದಿಯಲ್ಲಿ ಗುಂಡಿರುವ ಸಣ್ಣ ಕಡ್ಡಿಯಿಂದ ವಸಡಿನ ಆಳ ನೋಡಿ 0ಯಿಂದ 4ರ ತನಕ ಅಂಕ ಕೊಡಬೇಕು. ಅದನ್ನು ಬಿಪಿಇ ಅಂತಾರೆ. 3 ಅಥವಾ 4 ಬಂದರೆ ಅಷ್ಟಕ್ಕೇ ಬಿಡುವ ಹಾಗಿಲ್ಲ, ಎಕ್ಸ್-ರೇ, ಚಿಕಿತ್ಸೆ ಶುರುವಾಗಬೇಕು. ಮುಂದಿನ ಸಲ ‘ನನ್ನ ಬಿಪಿಇ ಎಷ್ಟು?’ ಅಂತ ಕೇಳಿ, ಬರೆದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು, ಎಲೆ ಅಡಿಕೆ ಹಾಕುವವರು ಮನೆಯಲ್ಲಿದ್ದರೆ ಅವರದ್ದೂ ಕೇಳಿ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ’ ಅನ್ನುವ ನಮ್ಮ ಊರಿನ ಮಾತನ್ನು ಊರಲ್ಲೇ ಬಿಟ್ಟು ಬನ್ನಿ. ಸಡಿಲ ಆಗಿರುವ ಹಲ್ಲನ್ನು ಅಲ್ಲಿ ಗಟ್ಟಿಯಾಗಿ ಹಿಡಿದಿದ್ದದ್ದು ಕಲ್ಲಿನಂಥ ಪಾಚಿ, ಅಷ್ಟೆ.

ಕೋರ್ಟಿಗೆ ಗಡುವು ಮೂರು ವರ್ಷ, 1980ರ ಲಿಮಿಟೇಷನ್ ಆಕ್ಟ್ ಪ್ರಕಾರ. ಚಿಕಿತ್ಸೆಯ ದಿನದಿಂದ ಅಥವಾ ಅದರಿಂದ ಹಾನಿಯಾಗಿದೆ ಅಂತ ಗೊತ್ತಾದ ದಿನದಿಂದ. ಮಕ್ಕಳಿಗಾದರೆ 18 ತುಂಬಿದ ಮೇಲೆ ಎಣಿಕೆ ಶುರು, 21ರ ತನಕ ಸಮಯ. ನೀವು ದೂರಿನ ಪತ್ರ ಬರೆದುಕೊಂಡು ಕೂತರೆ ಈ ಗಡಿಯಾರ ನಿಲ್ಲುವುದಿಲ್ಲ, ನೆನಪಿರಲಿ. ‘ಗೆಲ್ಲದಿದ್ದರೆ ಫೀಸಿಲ್ಲ’ ಅನ್ನುವ ವಕೀಲರು ಬೇಕಾದಷ್ಟಿದ್ದಾರೆ. ಗೆದ್ದರೆ ನಿಮ್ಮ ಪರಿಹಾರದಿಂದ ಒಂದು ಪಾಲು ಹೋಗುತ್ತದೆ. ಅವರ ಸಕ್ಸೆಸ್ ಫೀಗೆ ಶೇ. 25ರ ಮಿತಿ ಇದೆ, ಅದರ ಜೊತೆಗೆ ಕೇಸಿನ ಖರ್ಚಿಗಾಗಿ ಮಾಡಿಸುವ ವಿಮೆಯ ಪ್ರೀಮಿಯಂ ಬೇರೆ. ಸಹಿ ಹಾಕುವ ಮೊದಲು ಎರಡನ್ನೂ ಬರಹದಲ್ಲಿ ಕೇಳಿ. ಒಂದೇ ದವಡೆ ಹಲ್ಲಿನ ಕೇಸನ್ನು ಎಷ್ಟೋ ವಕೀಲರು ಮುಟ್ಟುವುದಿಲ್ಲ, ತಜ್ಞರ ವರದಿಯ ಖರ್ಚೇ ಪರಿಹಾರಕ್ಕಿಂತ ದೊಡ್ಡದಾಗುತ್ತದೆ. ನಿಮ್ಮದೂ ಅಂಥದ್ದೇ ಕೇಸು ಅಂತ ನನಗೆ ಅನ್ನಿಸುತ್ತದೆ. ಸ್ಪೆಷಲಿಸ್ಟ್ ಬಿಲ್ ಕ್ಲಿನಿಕ್‌ನವರು ಕಟ್ಟಿದರೆ ಅದೇ ಒಳ್ಳೆಯ ಫಲ. ಉಚಿತ ಸಲಹೆಗೆ ಎವಿಎಂಎ (ಆಕ್ಷನ್ ಅಗೇನ್ಸ್ಟ್ ಮೆಡಿಕಲ್ ಆಕ್ಸಿಡೆಂಟ್ಸ್) ಅನ್ನುವ ಚಾರಿಟಿ ಇದೆ, ಹೆಲ್ಪ್‌ಲೈನ್ ಕೂಡ ಇದೆ.

ಡೆಂಟಿಸ್ಟ್ ಕೆಲಸ ಬಿಟ್ಟು ಬೇರೆ ದೇಶಕ್ಕೆ ಹೋದರೆ? ಇಲ್ಲಿ ಇದು ತುಂಬಾ ಆಗುತ್ತದೆ. 2022ರ ಹ್ಯೂಸ್ ವರ್ಸಸ್ ರತ್ತನ್ ತೀರ್ಪಿನಲ್ಲಿ ಅಪೀಲು ಕೋರ್ಟ್, ಎನ್‌ಎಚ್‌ಎಸ್ ರೋಗಿಯ ವಿಷಯದಲ್ಲಿ ಕ್ಲಿನಿಕ್ ಮಾಲೀಕರೂ ಜವಾಬ್ದಾರರು ಅಂತ ಹೇಳಿತು. ಅವರು ಸ್ವತಃ ಆ ರೋಗಿಗೆ ಚಿಕಿತ್ಸೆ ಕೊಟ್ಟಿರಬೇಕಿಲ್ಲ. ಅಂದಹಾಗೆ, ನಿಮ್ಮ ಡೆಂಟಿಸ್ಟ್ ‘ನಮ್ಮ ಕಡೆಯವರೇ’ ಅಂತ ಬರೆದಿದ್ದೀರಿ. ಬೆಂಗಳೂರು, ಮಣಿಪಾಲ, ಮಂಗಳೂರಲ್ಲಿ ಓದಿ ಇಲ್ಲಿ ಪರೀಕ್ಷೆ ಪಾಸು ಮಾಡಿದವರು ಬೇಕಾದಷ್ಟಿದ್ದಾರೆ, ಒಳ್ಳೆಯ ಕೆಲಸಗಾರರು. ಆ ದಾಕ್ಷಿಣ್ಯಕ್ಕೆ ಸುಮ್ಮನಾಗಬೇಡಿ. ಪರಿಹಾರ ಅವರ ಜೇಬಿನಿಂದ ಹೋಗುವುದೂ ಅಪರೂಪ. ಪ್ರತಿಯೊಬ್ಬ ಡೆಂಟಿಸ್ಟ್‌ಗೂ ಇಂಡೆಮ್ನಿಟಿ, ಅಂದರೆ ಪರಿಹಾರ ಕೊಡಲು ವಿಮೆಯಂಥ ರಕ್ಷಣೆ, ಇರಲೇಬೇಕು ಅನ್ನುವ ನಿಯಮವಿದೆ.

ಕೊನೆಗೆ, ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಲ್ಲೇ ಮಾಡಿಸಲಾ ಅಂದಿರಲ್ಲ. ಖರ್ಚು ಕಡಿಮೆ, ಭಾಷೆ ನಮ್ಮದು, ಮಾಡಿಸಬಹುದು. ಆದರೆ ಅಲ್ಲಿ ಕೆಟ್ಟರೆ ಇಲ್ಲಿನ ಓಂಬುಡ್ಸ್‌ಮನ್ ಆಗಲಿ ಜಿಡಿಸಿ ಆಗಲಿ ಏನೂ ಮಾಡಲಾರರು. ಅಲ್ಲಿ ಗ್ರಾಹಕರ ಆಯೋಗ ಇದೆ. 1995ರಲ್ಲಿ ವಿ.ಪಿ. ಶಾಂತಾ ಕೇಸಿನ ತೀರ್ಪಿನಿಂದ ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಬರುತ್ತದೆ, ಎರಡು ವರ್ಷದೊಳಗೆ ದೂರು ಹಾಕಬೇಕು. ಬಿಲ್ ಇಲ್ಲದೆ ‘ಕ್ಯಾಶ್ ಕೊಡಿ, ಕಡಿಮೆ ಮಾಡ್ತೀನಿ’ ಅಂದವರ ಮೇಲೆ ಅಲ್ಲಿಯೂ ಏನೂ ನಡೆಯುವುದಿಲ್ಲ. ಹಾಗೇನಾದರೂ ಹೋದರೆ ಇಲ್ಲಿನ ಎಕ್ಸ್-ರೇ ಜೊತೆಗೇ ಒಯ್ಯಿರಿ. ಬರುವಾಗ ಅಲ್ಲಿನ ಬಿಲ್, ಎಕ್ಸ್-ರೇ, ಹಾಕಿದ ಕ್ಯಾಪ್ ಅಥವಾ ಇಂಪ್ಲಾಂಟ್ ಕಂಪನಿಯ ಹೆಸರು ತನ್ನಿ. ಆ ಹೆಸರು ಗೊತ್ತಿಲ್ಲದೆ ಇಲ್ಲಿನ ಡೆಂಟಿಸ್ಟ್ ಇಂಪ್ಲಾಂಟ್‌ಗೆ ಕೈ ಹಾಕಲು ಹಿಂಜರಿಯುತ್ತಾರೆ.

ದಾಖಲೆ ಕೇಳುವ ಇಮೇಲ್ ಇವತ್ತೇ ಹಾಕಿ. ಬಂದ ಮೇಲೆ ರೂಟ್ ಕೆನಾಲ್ ಆದ ದಿನದ ಟಿಪ್ಪಣಿಯಲ್ಲಿ ಫೈಲ್ ಮುರಿದದ್ದು ಬರೆದಿದ್ದಾರಾ ಇಲ್ಲವಾ, ಅಷ್ಟು ನೋಡಿ ನನಗೆ ತಿಳಿಸಿ. ಬರೆದೂ ಹೇಳದಿದ್ದರೆ ಪತ್ರ ಒಂದು ಥರ ಬರೆಯಬೇಕು, ಬರೆಯದೇ ಇದ್ದರೆ ಇನ್ನೊಂದು ಥರ.